ಚೀಟಿ ಎತ್ತುವ ಮೊದಲು

ಮಗಾ, ದುಬೈನ ಮೋಟರ್ ಸಿಟಿಯ ಕಾರ್ಟ್‌ಡ್ರೋಮಿನಲ್ಲಿ ನಮ್ಮ ಅಲ್ ನಹ್ದಾದ ಕನ್ನಡದ ಹುಡುಗರಿಗೆ ರೇಸ್ ಇಡಬೇಕೆಂದಿದ್ದೀಯಲ್ಲ, ಬಹಳ ಖುಷಿಯಾಯಿತು. ಟ್ರೋಫಿ, ಟೀಶರ್ಟಿನ ಮಾತು ಆಮೇಲೆ. ಯಾರು ಎಲ್ಲಿಂದ ಹೊರಡಬೇಕು ಎಂಬುದನ್ನು ಮೊದಲು ಕೂತು ತೀರ್ಮಾನಿಸು. ಮನಸ್ತಾಪ ಹುಟ್ಟುವುದು ಅಲ್ಲೇ.

ವೇಗದ ಸುತ್ತು ನೋಡಿ ಸಾಲು ನಿಲ್ಲಿಸಿದರೆ, ಒಳ್ಳೆಯ ಕಾರ್ಟ್ ಸಿಕ್ಕವನು ರಾತ್ರಿಯಿಡೀ ಮುಂದೆಯೇ ಇರುತ್ತಾನೆ. ಬಾಡಿಗೆ ಗಾಡಿಗಳು ನೋಡಲು ಒಂದೇ ತರ, ಓಟದಲ್ಲಿ ಅಲ್ಲ. ಸರಿ, ವೇಗದವನನ್ನು ಹಿಂದೆ ನಿಲ್ಲಿಸೋಣ ಎಂದರೆ, ಬೇಕೆಂದೇ ನಿಧಾನ ಓಡಿಸಿ ಮುಂದಿನ ಜಾಗ ಹಿಡಿಯುವವರು ಇದ್ದೇ ಇರುತ್ತಾರೆ. ಅಮೆರಿಕದ ಮಣ್ಣಿನ ಟ್ರ್ಯಾಕಿನವರು ಇದನ್ನೆಲ್ಲ ಕಂಡವರು. 1961ರಲ್ಲಿ ಶುರುವಾದ ನಾಕ್ಸ್‌ವಿಲ್ ನ್ಯಾಷನಲ್ಸ್ ಎಂಬ ಸ್ಪ್ರಿಂಟ್ ಕಾರ್ ರೇಸಿನಲ್ಲಿ ವೇಗದವನು ಹೀಟ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಸಣ್ಣ ಓಟದಲ್ಲಿ, ಹಿಂದಿನಿಂದ ಹೊರಡಬೇಕು; ಆದರೆ ಸಮಯಕ್ಕೂ ಅಂಕವಿರುವುದರಿಂದ ಸುಮ್ಮನೆ ನಿಧಾನ ಮಾಡಿದವನಿಗೆ ನಷ್ಟ. ತುಲ್ಸಾದ ಚಿಲಿ ಬೌಲ್‌ನಲ್ಲಿ ಪುಟ್ಟ ಮಿಡ್ಜೆಟ್ ಕಾರುಗಳ ಹೀಟ್‌ಗೆ ಚೀಟಿ ಎತ್ತುತ್ತಾರೆ, ಹಿಂದಿನಿಂದ ಎಷ್ಟು ಜನರನ್ನು ದಾಟಿ ಬಂದೆ ಎಂಬುದಕ್ಕೂ ಅಂಕ ಕೊಡುತ್ತಾರೆ. ನನಗೆ ಹಿಡಿಸಿದ್ದು ಇದು.

ನಿನ್ನ ಹದಿನಾರು ಜನರಿಗೆ ತಲಾ ಎರಡು ಹೀಟ್ ಕೊಡು. ಮೊದಲನೆಯದಕ್ಕೆ ಚೀಟಿ, ಎರಡನೆಯದಕ್ಕೆ ಅದೇ ಸಾಲನ್ನು ತಿರುಗಿಸಿ ನಿಲ್ಲಿಸು, ಕಾರ್ಟನ್ನೂ ಬದಲಿಸು. ಮುಗಿಸಿದ ಸ್ಥಾನಕ್ಕೂ ದಾಟಿದ ಸ್ಥಾನಕ್ಕೂ ಅಂಕ. ಗುದ್ದಿ ದಾಟಿದ್ದು ಲೆಕ್ಕಕ್ಕಿಲ್ಲ. ಅಂಕದಲ್ಲಿ ಮೊದಲ ಆರು ಜನ ನೇರ ಫೈನಲ್‌ಗೆ. ಉಳಿದ ಹತ್ತು ಜನರಿಗೆ ಇನ್ನೊಂದು ಓಟ, ಅದರಲ್ಲಿ ಮೊದಲಿಬ್ಬರು ಫೈನಲ್ ಸಾಲಿನ ಹಿಂದೆ. ಫೈನಲ್‌ನಲ್ಲಿ ಮಾತ್ರ ಸಾಲು ತಿರುಗಿಸಬೇಡ. ಅಷ್ಟು ಹೊತ್ತು ದುಡಿದು ಗಳಿಸಿದ ಜಾಗವದು. ಎಲ್ಲರನ್ನೂ ತೂಗು, ಹಗುರದವರ ಸೀಟಿಗೆ ತೂಕ ಸೇರಿಸಲಾಗುತ್ತದೆಯೇ ಎಂದು ಟ್ರ್ಯಾಕಿನವರನ್ನು ಕೇಳು. ತೆಳ್ಳಗಿನವನಿಗೆ ಸಿಗುವ ಲಾಭ ಸಣ್ಣದಲ್ಲ.

ನಮ್ಮ ಕಂಬಳದಲ್ಲಿ ಹಗ್ಗ, ನೇಗಿಲು ಎಂಬ ಎರಡು ಬಗೆಯ ಓಟಕ್ಕೂ ಹಿರಿಯ, ಕಿರಿಯ ಎಂದು ಬೇರೆ ಬೇರೆ ವಿಭಾಗ ಮಾಡಿದ್ದು ಸುಮ್ಮನಲ್ಲ. ಎಳೆಯ ಕೋಣಗಳನ್ನು ಪಳಗಿದ ಜೋಡಿಯ ಎದುರು ಬಿಡುವುದು ಓಟವೇ ಅಲ್ಲ. ಮೊದಲ ಸಲ ಕಾರ್ಟ್ ಹತ್ತುವವರು ಬಂದರೆ ಅವರದೇ ಒಂದು ಕಿರಿಯ ವಿಭಾಗ ಮಾಡು. ಆದರೆ ಕಂಬಳದ ಹಾಗೆ ಮರುದಿನ ಬೆಳಕಾದರೂ ಎಳೆಯುವುದು ಬೇಡ, ಶನಿವಾರವೂ ಕೆಲಸಕ್ಕೆ ಹೋಗುವ ಹುಡುಗರಿದ್ದಾರೆ.

ನಿಯಮವನ್ನೆಲ್ಲ ಬರೆದು, ಅಂಕ ಸಮವಾದರೆ ಏನು ಎಂಬುದನ್ನೂ ಸೇರಿಸಿ, ಚೀಟಿ ಎತ್ತುವ ಮೊದಲೇ ಗುಂಪಿಗೆ ಕಳಿಸು. ಅಂಕ ಬರೆಯಲು ಓಡದವರೊಬ್ಬರು ಬೇಕಲ್ಲ, ಆ ಪುಸ್ತಕ ನನಗೆ ಕೊಡು.