ಶಿಬಿರಕ್ಕೆ ಮೊದಲು

ಸೊರಬದಿಂದ ಮೊಮ್ಮಗನಿಗೆ,

ಶಿಕಾರಿಪುರದಲ್ಲಿ ಗೆಳೆಯರೆಲ್ಲ ಸೇರಿ ‘ಸಕಾರಾತ್ಮಕ ಮನೋವಿಜ್ಞಾನ’ದ ಶಿಬಿರ ಮಾಡುತ್ತೇವೆ, ಹಳ್ಳಿಯವರಿಗೆ ಏನು ಹೇಳಲಿ ಅಜ್ಜಾ ಎಂದು ಕೇಳಿದ್ದೀಯಲ್ಲ, ಓದಿ ಖುಷಿಯಾಯಿತು. ಸ್ವಲ್ಪ ಹೆದರಿಕೆಯೂ ಆಯಿತು ಮಾರಾಯ. ಶುಂಠಿ ಕೊಳೆತು ಸಾಲ ಮೈಮೇಲೆ ಬಂದವನ ಮುಂದೆ ಮೈಕ್ ಹಿಡಿದು ‘ನಗುತ್ತಾ ಇರಿ’ ಅಂದರೆ, ಅವನು ಬೈಯದೆ ಎದ್ದು ಹೋದರೆ ಅದೇ ದೊಡ್ಡದು.

ಮನಸ್ಸು ಕೆಡುವುದನ್ನಷ್ಟೇ ಅಲ್ಲ, ಗಟ್ಟಿಯಾಗಿ ನಿಲ್ಲುವುದನ್ನೂ ಅಭ್ಯಾಸ ಮಾಡೋಣ ಎಂದು 1998ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಈ ಶಾಖೆಗೆ ಚಾಲನೆ ಕೊಟ್ಟರು. ನ್ಯಾಯವಾದ ಮಾತೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಎಮ್ಮಿ ವರ್ನರ್ ಎಂಬಾಕೆಯ ಕೆಲಸ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಆಕೆಯ ತಂಡ ದಶಕಗಟ್ಟಲೆ ಗಮನಿಸಿತು. ಬಡತನ, ಕುಡಿತ, ಮನೆಜಗಳದ ನಡುವೆ ಬೆಳೆದವರಲ್ಲೂ ಮೂವರಲ್ಲೊಬ್ಬರು ನೆಟ್ಟಗೆ ಬಾಳಿದರು. ಅಂಥವರಿಗೆ ಅಜ್ಜಿಯೋ ಮೇಷ್ಟ್ರೋ ನೆರೆಮನೆಯವರೋ, ಕೈಬಿಡದವರು ಒಬ್ಬರಾದರೂ ಇದ್ದರು.

ಅಂಥ ಆಸರೆ ನಮ್ಮ ಕಡೆ ಮುಯ್ಯಾಳು ಪದ್ಧತಿಯಲ್ಲಿತ್ತು, ನೀನು ಕಂಡಿಲ್ಲ. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ಕೇರಿ ಇವತ್ತು ಒಬ್ಬರ ಗದ್ದೆಗೆ ಇಳಿದರೆ ನಾಳೆ ಇನ್ನೊಬ್ಬರದಕ್ಕೆ. ಸಸಿ ಕೀಳುತ್ತಾ, ನೆಡುತ್ತಾ ಮಾತು ನಡೆದೇ ಇರುತ್ತಿತ್ತು. ಮಗಳು ಗಂಡನ ಮನೆ ಬಿಟ್ಟು ಬಂದದ್ದು, ಹಾಲು ಕೊಡುವ ಹಸು ಸತ್ತದ್ದು, ಎಲ್ಲವನ್ನೂ ಬಗ್ಗಿಕೊಂಡೇ, ಯಾರ ಮುಖವನ್ನೂ ಯಾರೂ ನೋಡದೆ ಹೇಳಿಕೊಳ್ಳುವುದು. ಎದುರು ಕೂರಿಸಿ ಕೇಳಿದ್ದರೆ ಆ ಮಾತು ಬಾಯಿಗೇ ಬರುತ್ತಿರಲಿಲ್ಲ. ಹಾಗಂತ ಅದನ್ನು ಚಿನ್ನದ ಕಾಲ ಎನ್ನಬೇಡ. ಮನೆಯಲ್ಲಿ ಆಳಿಲ್ಲದ, ಮುಯ್ಯಿ ತೀರಿಸಲಾಗದ ವಿಧವೆಯ ಗದ್ದೆ ಕೊನೆಗೇ ಉಳಿಯುತ್ತಿತ್ತು.

ಅಂಥವರ ಮಾತಿಗೆ ನೆನಪಾಯಿತು, ನಿಮ್ಮ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ವೇದ, ವ್ಯಾಕರಣ ಕಲಿಸುವ ಅದೇ ಜಾಗದಲ್ಲಿ ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನವೂ ರೋಗಿಗಳಿಗೆ ಮದ್ದೂ ಸಿಗುತ್ತಿತ್ತು ಎನ್ನುತ್ತದೆ. ಆಗಲೇ ನಮ್ಮಲ್ಲಿ ಮನಃಶಾಸ್ತ್ರ ಇತ್ತು ಅಂತ ಎದೆ ತಟ್ಟಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಪಟ್ಟಿಯಲ್ಲಿರುವವರು ಯಾರೂ ಮುಯ್ಯಿ ತೀರಿಸಬಲ್ಲವರಲ್ಲ, ಅದನ್ನು ಗಮನಿಸು.

ಭಾಷಣ ಕಡಿಮೆ ಇಟ್ಟುಕೊಳ್ಳಿ. ಜೋಳದ ಕಣಕ್ಕೆ ಹೋಗಿ ಕೈ ಜೋಡಿಸಿದರೆ ಮಾತು ತಾನಾಗಿ ಬರುತ್ತದೆ. ಹೋರಿ ಹಬ್ಬಕ್ಕೆ ಕೊಬ್ಬರಿ ಹಾರ ಕಟ್ಟಲು ರಾತ್ರಿಯೆಲ್ಲ ಕೂರುತ್ತೀರಲ್ಲ, ಈಚೆಗೆ ಅಲ್ಲಿಗೆ ಬರುವುದನ್ನು ಬಿಟ್ಟ ಹುಡುಗ ಯಾರು? ಶಿಬಿರಕ್ಕೆ ಮೊದಲು ಅವನ ಮನೆಗೆ ಹೋಗಿ ಬಾ.

ನಿದ್ದೆ, ಊಟ ಬಿಟ್ಟು ‘ಬದುಕು ಸಾಕು’ ಎನ್ನುವವನಿಗೆ ನಿಮ್ಮ ಸಮಾಧಾನದ ಮಾತು ಸಾಲದು. 2022ರಲ್ಲಿ ಶುರುವಾದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಯೋಜನೆಯೂ ಉಂಟು. ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು, ಒಬ್ಬನನ್ನೇ ಕಳಿಸದೆ ಬೈಕಿನಲ್ಲಿ ಕೂರಿಸಿಕೊಂಡು ಹೋಗು. ಪೆಟ್ರೋಲಿಗೆ ದುಡ್ಡು ಬೇಕಾದರೆ ಅಜ್ಜಿಯನ್ನು ಕೇಳು, ನನ್ನ ಪಿಂಚಣಿಯೂ ಅವಳ ಡಬ್ಬಿಯಲ್ಲೇ ಇದೆ.

ಇಂತಿ ನಿನ್ನ ಅಜ್ಜ