ಉತ್ತರಕ್ಕೆ ಕಾಯದ ಅಣ್ಣ

ವಾಕ್ಯಭಾಗ: 1 ಸಮುವೇಲ 17:12-37

ಯೌವನಸ್ಥರೇ, ಟಿವಿ ಹಾಕಿದ್ರೆ ನಿಮ್ಮ ಬಗ್ಗೆ ಏನು ಬರುತ್ತೆ? ಡ್ರಗ್ಸ್, ವೀಲಿಂಗ್, ಪಬ್, ರೀಲ್ಸ್ ಹುಚ್ಚು. ಎಲ್ಲಾ ಸುಳ್ಳು ಅಂತ ನಾನು ಹೇಳೋದಿಲ್ಲ. ವೀಲಿಂಗ್ ಮಾಡೋರು ಇದ್ದಾರೆ, ನಮ್ಮ ಏರಿಯಾದಲ್ಲೇ ಇದ್ದಾರೆ. ಆದರೆ ನಾಲ್ಕು ಜನರನ್ನು ತೋರಿಸಿ "ಯುವಜನತೆ ಎತ್ತ ಸಾಗುತ್ತಿದೆ?" ಅಂತ ಕೆಳಗೆ ಪಟ್ಟಿ ಓಡಿಸಿದಾಗ, ನೈಟ್ ಶಿಫ್ಟ್ ಮಾಡಿ ತಂಗಿಯ ಫೀಸು ಕಟ್ಟುವ ನೀವೂ ಆ ಪಟ್ಟಿಯೊಳಗೆ ಸೇರಿಬಿಡ್ತೀರಿ.

ಈಗ ಏಲಾ ತಗ್ಗಿಗೆ ಬನ್ನಿ. ದಾವೀದನು ಅಲ್ಲಿಗೆ ಯಾಕೆ ಬಂದ? ತಂದೆ ಇಷಯ ಕಳಿಸಿದ್ದಕ್ಕೆ. ಅಣ್ಣಂದಿರಿಗೆ ಹುರಿದ ಧಾನ್ಯ, ಹತ್ತು ರೊಟ್ಟಿ. ಅವರ ಅಧಿಕಾರಿಗೆ ಹತ್ತು ಗಿಣ್ಣಿನ ಉಂಡೆ. ಎಲ್ಲಾ ಹೊತ್ತುಕೊಂಡು ಬಂದಿದ್ದಾನೆ. 20ನೇ ವಚನ ಗಮನಿಸಿ, ಹೊರಡುವ ಮೊದಲು ಕುರಿಗಳನ್ನು ಒಬ್ಬ ಕಾವಲುಗಾರನಿಗೆ ಒಪ್ಪಿಸಿದ್ದಾನೆ. ಜವಾಬ್ದಾರಿ ಇರುವ ಹುಡುಗ.

ಅವನು ಅಲ್ಲಿದ್ದ ಜನರ ಜೊತೆ ಮಾತಾಡುವುದನ್ನು ಕೇಳಿ ಹಿರಿಯಣ್ಣ ಎಲೀಯಾಬ ಸಿಟ್ಟಾದ. ಕುರಿಗಳನ್ನು ಯಾರಿಗೆ ಬಿಟ್ಟು ಬಂದೆ ಅಂತ ಕೇಳಿದ. ಒಳ್ಳೇ ಪ್ರಶ್ನೆ! ಉತ್ತರವೂ ಇತ್ತು. ಆದರೆ ಅವನು ಉತ್ತರಕ್ಕೆ ಕಾಯಲಿಲ್ಲ. ನೀನು ಸೊಕ್ಕಿನವನು, ಯುದ್ಧದ ತಮಾಷೆ ನೋಡೋಕೆ ಬಂದಿದ್ದೀಯ ಅಂತ ತೀರ್ಪನ್ನೂ ತಾನೇ ಕೊಟ್ಟ. ರಾತ್ರಿ ಒಂಬತ್ತರ ಡಿಬೇಟ್ ನೋಡಿದ ಹಾಗೆ ಇಲ್ವಾ? ಇನ್ನೊಂದು ವಿಷಯ. ನಲವತ್ತು ದಿನದಿಂದ ಗೊಲ್ಯಾತ ಬಂದು ಹೀಯಾಳಿಸುತ್ತಿದ್ದಾಗ ಸುಮ್ಮನೆ ನಿಂತವರಲ್ಲಿ ಈ ಅಣ್ಣನೂ ಒಬ್ಬ. ಕಿರಿಯನನ್ನು ಬೈಯುವುದು ಸುಲಭ ಕೆಲಸ.

2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ನುಗ್ಗಿ ಹೊಡೆಯಿತು. ನುಗ್ಗಿದವರು ಅದನ್ನು ರೇವ್ ಪಾರ್ಟಿ ಅಂದರು. ದೃಶ್ಯ ಟಿವಿಯಲ್ಲಿ ಬಂತು. ಅದು ಬಂದಿದ್ದರಿಂದಲೇ ದಾಳಿ ನಾಡಿಗೆ ಗೊತ್ತಾಯ್ತು, ಅದನ್ನು ಒಪ್ಪೋಣ. ಆದರೆ ನಾನಿದ್ದ ಹಾಸ್ಟೆಲಿನಲ್ಲಿ ಎದ್ದ ಮೊದಲ ಪ್ರಶ್ನೆ, "ಆ ಹುಡುಗಿಯರು ಅಲ್ಲಿಗೆ ಯಾಕೆ ಹೋದ್ರು?" ಹೊಡೆದವರ ಬಗ್ಗೆ ಅಲ್ಲ. ಕೇಕು ಕತ್ತರಿಸೋಕೆ ಹೋದವರಿಗೆ ರೇವ್ ಪಾರ್ಟಿ ಅನ್ನೋ ಎರಡು ಪದ ಅಂಟಿಕೊಂಡಿತ್ತು. ಬೈಬಲ್ ಕಲಿಯುತ್ತಿದ್ದ ನಾವು ಆ ದಿನ ಎಲೀಯಾಬರಾಗಿದ್ದೆವು.

ನಾನು ಅಲ್ಲಿಗೇ ನಿಲ್ಲಿಸಲಿಲ್ಲ. 2021ರ ಮೇ ತಿಂಗಳು, ಎರಡನೇ ಅಲೆ. ಜೂಮ್ ಆರಾಧನೆಯಲ್ಲಿ ಒಬ್ಬ ಹುಡುಗ ಮೂರು ವಾರ ವಿಡಿಯೋ ಆಫ್ ಮಾಡಿ ಕೂತಿದ್ದ. ಯುವಕರಿಗೆ ಭಯಭಕ್ತಿ ಇಲ್ಲ, ಬೆರಳು ಯಾವಾಗ್ಲೂ ಇನ್‌ಸ್ಟಾಗ್ರಾಂನಲ್ಲಿ ಅಂತ ಎಲ್ಲರ ಮುಂದೆ ಅಂದೆ. ಅವನ ಬೆರಳು ಇನ್‌ಸ್ಟಾಗ್ರಾಂನಲ್ಲೇ ಇತ್ತು. ಆಕ್ಸಿಜನ್ ಎಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ ಅಂತ ಫೋನ್ ಮಾಡಿ, ಖಚಿತ ಮಾಡಿಕೊಂಡು ಹಾಕುತ್ತಿದ್ದ. ಅದನ್ನು ನನಗೆ ಹೇಳಿದ್ದು ಅವನಲ್ಲ, ಅವನ ತಾಯಿ. ಮುಂದಿನ ಭಾನುವಾರ ಅದೇ ಜೂಮಿನಲ್ಲಿ ಕ್ಷಮೆ ಕೇಳಿದೆ. ಆವತ್ತೂ ಅವನ ವಿಡಿಯೋ ಆಫ್ ಇತ್ತು.

ಹಾಗಾದ್ರೆ ದಾವೀದ ಏನು ಮಾಡಿದ? ಎಲೀಯಾಬನಿಗೆ ಎರಡೇ ಮಾತು ಹೇಳಿ, ಬೇರೆಯವನ ಕಡೆಗೆ ತಿರುಗಿದ. ಇಡೀ ದಿನ ಕಾಮೆಂಟ್‌ನಲ್ಲಿ ಜಗಳ ಆಡಲಿಲ್ಲ. ಆದರೆ ನೀನಿನ್ನೂ ಹುಡುಗ ಅಂತ ಸೌಲ ಅಂದಾಗ ಸುಮ್ಮನಿರಲಿಲ್ಲ. ಸಿಂಹದ ಬಾಯಿಂದ, ಕರಡಿಯ ಬಾಯಿಂದ ಕುರಿಯನ್ನು ಬಿಡಿಸಿದ ಸಾಕ್ಷಿಯನ್ನು ವಿವರವಾಗಿ ಹೇಳಿದ. ಸೌಲ ಕೇಳಿಸಿಕೊಂಡ. ಯಾರಿಗೆ ಎರಡು ಮಾತು, ಯಾರಿಗೆ ಪೂರ್ತಿ ಸಾಕ್ಷಿ ಅಂತ ದಾವೀದನಿಗೆ ಗೊತ್ತಿತ್ತು.

ಶನಿವಾರದ ಯೂತ್ ಮೀಟಿಂಗ್‌ಗೆ ಯುವಕರ ಬಗ್ಗೆ ಬಂದ ಒಂದು ಸುದ್ದಿ ತನ್ನಿ. ಅದರಲ್ಲಿ ಯಾರನ್ನು ಮಾತಾಡಿಸಿದ್ದಾರೆ, ಯಾರನ್ನು ಮಾತಾಡಿಸಿಲ್ಲ ಅಂತ ಗುರುತು ಹಾಕಿ. ನೀವೇ ಫಾರ್ವರ್ಡ್ ಮಾಡಿದ್ದು ಇದ್ರೆ ಅದನ್ನೇ ತನ್ನಿ. ನನ್ನದೂ ಒಂದಿದೆ, ತರ್ತೀನಿ. ಈಗ ಪ್ರಾರ್ಥನೆಗೆ ಎದ್ದು ನಿಲ್ಲೋಣ.