ಬಹುಶಿಶು ಜನನ: ಪದಬಳಕೆ ಹಾಗೂ ನೋಂದಣಿ

ಒಂದೇ ಗರ್ಭದಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳು ಬೆಳೆದು ಜನಿಸುವುದನ್ನು ಬಹುಶಿಶು ಜನನವೆನ್ನಲಾಗುತ್ತದೆ. ಎರಡಾದರೆ ಅವಳಿ, ಮೂರಾದರೆ ತ್ರಿವಳಿ. ನಾಲ್ಕಾದರೆ ‘ನಾಲ್ಕು ಶಿಶುಗಳ ಜನನ’ವೆಂದೇ ಬರೆಯುವುದು ಸ್ಪಷ್ಟ. ಇದು ಅಪರೂಪವಾದರೂ ದೂರದ ಸಂಗತಿಯಲ್ಲ. 2022ರ ಮೇ ತಿಂಗಳಲ್ಲಿ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಒಬ್ಬ ತಾಯಿಗೆ ಎರಡು ಗಂಡು, ಎರಡು ಹೆಣ್ಣು ಶಿಶುಗಳು ಜನಿಸಿದ್ದವು.

ಫಲಿತಗೊಂಡ ಒಂದೇ ಅಂಡವು ಇಬ್ಭಾಗವಾದರೆ ಏಕಾಂಡ ಅವಳಿ. ಇವು ಸಾಮಾನ್ಯವಾಗಿ ಒಂದೇ ಲಿಂಗದವು. ಎರಡು ಅಂಡಗಳು ಪ್ರತ್ಯೇಕವಾಗಿ ಫಲಿತಗೊಂಡರೆ ದ್ವಿಅಂಡ ಅವಳಿ. ಜೋಡಿ ಬಾಳೆಹಣ್ಣು ತಿಂದ ಗರ್ಭಿಣಿಗೆ ಅವಳಿ ಹುಟ್ಟುತ್ತವೆಂಬ ಮಾತಿಗೆ ಆಧಾರವಿಲ್ಲ. ಹಣ್ಣನ್ನು ನಿರಾತಂಕವಾಗಿ ತಿನ್ನಬಹುದು.

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದದ್ದು ನೋಂದಣಿ. 21 ದಿನಗಳೊಳಗೆ ಪ್ರತಿ ಶಿಶುವಿಗೂ ಪ್ರತ್ಯೇಕ ನಮೂನೆ ಭರ್ತಿ ಮಾಡಿಸಿ, ಷರಾ ಕಲಂನಲ್ಲಿ ‘ಅವಳಿ ಜನನ’ ಅಥವಾ ‘ತ್ರಿವಳಿ ಜನನ’ವೆಂದು ನಮೂದಿಸಬೇಕು. ಒಂದು ಶಿಶು ಜೀವಂತವಾಗಿಯೂ ಇನ್ನೊಂದು ನಿರ್ಜೀವವಾಗಿಯೂ ಜನಿಸಿದಲ್ಲಿ, ಎರಡನೆಯದಕ್ಕೆ ನಿರ್ಜೀವ ಜನನದ ನಮೂನೆಯೇ ಬೇರೆ. ಕ್ಷಣಕಾಲ ಉಸಿರಾಡಿ ಮೃತಪಟ್ಟ ಶಿಶುವನ್ನು ಇದಕ್ಕೆ ಸೇರಿಸುವಂತಿಲ್ಲ. ಅದರ ಜನನ, ಮರಣ ಎರಡೂ ನೋಂದಣಿಯಾಗಬೇಕು. ದುಃಖದಲ್ಲಿರುವ ಮನೆಯವರು ಇದನ್ನು ತಾವಾಗಿ ಕೇಳಿ ಬರಲಾರರು.

ಅವಳಿ ಗರ್ಭದಲ್ಲಿ ಅವಧಿಪೂರ್ವ ಹೆರಿಗೆ ಹಾಗೂ ಕಡಿಮೆ ತೂಕದ ಸಂಭವ ಹೆಚ್ಚು. ಆದುದರಿಂದ ಸಾಗರದ ಶರಾವತಿ ಹಿನ್ನೀರಿನ ಊರುಗಳು, ಹೊಸನಗರದ ಘಟ್ಟದಂಚು ಹಾಗೂ ತೀರ್ಥಹಳ್ಳಿಯ ಆಗುಂಬೆ ಭಾಗದ ಗರ್ಭಿಣಿಯರ ಸ್ಕ್ಯಾನಿಂಗ್ ವರದಿಯಲ್ಲಿ ಅವಳಿ ಕಂಡುಬಂದರೆ, ಮಳೆಗಾಲದಲ್ಲಿ ನೋವು ಆರಂಭವಾಗುವವರೆಗೆ ಕಾಯದೆ, ವೈದ್ಯರು ಸೂಚಿಸಿದ ಆಸ್ಪತ್ರೆಯ ಸಮೀಪಕ್ಕೆ ಮೊದಲೇ ಕರೆತರಲು ಆಶಾ ಕಾರ್ಯಕರ್ತೆಯೊಡನೆ ವಾಹನ ನಿಗದಿಪಡಿಸಿಕೊಳ್ಳತಕ್ಕದ್ದು.